ಚನ್ನವ್ವನ ಏಕಾಶನ

ಐಗಳಿಯ ಕುಸುಮಕ್ಕನಿಗೆ ಒಳ್ಳೆಯವಳು ಅನ್ನಿಸಿಕೊಳ್ಳುವ ಚಟವಿತ್ತು. ಹೌದು, ಚಟವೇ. ಕೆಲವರಿಗೆ ತಂಬಾಕಿನದು ಇರುತ್ತದಲ್ಲ, ಹಾಗೆ. ಬಸದಿಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಸೇರಿ "ಕುಸುಮಕ್ಕನಂಥಾಕಿ ಇನ್ನೊಬ್ಬಾಕಿ ಇಲ್ಲ ಬಿಡ್ರಿ" ಎಂದುಬಿಟ್ಟರೆ ಅವತ್ತು ಆಕೆಗೆ ಊಟವೂ ಬೇಡ. ಹಾಗಂತ ಕೆಟ್ಟ ಹೆಂಗಸೇನಲ್ಲ. ಗಂಡ ತವನಪ್ಪ ದ್ರಾಕ್ಷಿ ತೋಟ ನೋಡಿಕೊಂಡರೆ, ಹಿತ್ತಲಿನ ಪತ್ರಾ ಶೆಡ್ಡಿನಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸಿ, ಆರಿಸಿ, ಬಾಕ್ಸಿಗೆ ತುಂಬಿಸುವ ಕಾರಭಾರವೆಲ್ಲ ಆಕೆಯದೇ ಆಗಿತ್ತು.

ಚನ್ನವ್ವನನ್ನು ಕೆಲಸಕ್ಕೆ ಇಟ್ಟುಕೊಂಡವಳೂ ಆಕೆಯೇ. ದಿಗ್ಗೇವಾಡಿಯ ಚನ್ನವ್ವನಿಗೆ ಮೂರ್ಛೆ ರೋಗ. ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡ ಮೇಲೆ ಗಂಡನ ಮನೆಯವರು ತವರಿಗೆ ತಂದು ಬಿಟ್ಟು, ತಿರುಗಿ ನೋಡಿರಲಿಲ್ಲ. ಅಥಣಿಯ ಡಾಕ್ಟರೊಬ್ಬರ ಗುಳಿಗೆ ಹಿಡಿಸಿ ಎರಡು ವರ್ಷ ಆಕೆ ಒಮ್ಮೆಯೂ ಬಿದ್ದಿರಲಿಲ್ಲ. ಆದರೂ ಕೆಲಸಕ್ಕೆ ಕರೆಯುವವರು ಯಾರು? ಕೊನೆಗೆ ಆ ಡಾಕ್ಟರೇ, ತಮ್ಮಲ್ಲಿಗೆ ಮಂಡಿನೋವಿಗೆಂದು ಬಂದ ಕುಸುಮಕ್ಕನನ್ನು ಕೂರಿಸಿಕೊಂಡು ಹೇಳಿದ್ದರು.

"ನೋಡ್ರಿ ಅಕ್ಕಾರ, ಈಕಿ ಎಲ್ಲಾರಂಗ ದುಡಿತಾಳ. ಎತ್ತರಕ್ಕ ಹತ್ತಿಸಬ್ಯಾಡ್ರಿ, ಬೆಂಕಿ ಹತ್ರ ಬಿಡಬ್ಯಾಡ್ರಿ. ಮುಂಜಾನಿ ಒಂದು, ಸಂಜಿಗೆ ಒಂದು ಗುಳಿಗಿ. ಅದು ತಪ್ಪಬಾರ್ದು. ಉಪಾಸನೂ ಬ್ಯಾಡ. ಒಂದ ವ್ಯಾಳೆ ಬಿದ್ಲಂದ್ರ ಒಂದ ಮಗ್ಗಲಿಗೆ ಹೊಳ್ಳಿಸಿ ಮಲಗಸ್ರಿ, ಗಾಳಿ ಬಿಡ್ರಿ. ಕೈಯಾಗ ಕಬ್ಬಣ, ಮೂಗಿಗೆ ಚಪ್ಪಲಿ, ಅವೇನೂ ಮಾಡಾಕ ಹೋಗಬ್ಯಾಡ್ರಿ."

ಡಾಕ್ಟರು ಹೇಳಿದ್ದನ್ನೆಲ್ಲ ಮನೆಗೆ ಬಂದು ಒಪ್ಪಿಸಿದಾಗ ತವನಪ್ಪ ಗೊಣಗಿದ್ದ. "ನಾಳೆ ಏನರ ಹೆಚ್ಚುಕಮ್ಮಿ ಆದ್ರ ಯಾರ ಮೈಮ್ಯಾಲ ಬರತೈತಿ? ನಿನಗ ಊರ ಉಸಾಬರಿ ಯಾಕ ಬೇಕ?"

"ನಿಮಗ ಕರುಣಾನ ಇಲ್ಲ ನೋಡ್ರಿ" ಎಂದು ಕುಸುಮಕ್ಕ ಅವನ ಬಾಯಿ ಮುಚ್ಚಿಸಿದ್ದಳು. ಶೆಡ್ಡಿನ ಪಕ್ಕದ ಕೋಣೆಯನ್ನು ಚನ್ನವ್ವನಿಗೆ ಬಿಟ್ಟುಕೊಟ್ಟಳು. ಎತ್ತರದ ಬೆಂಚು ತೆಗೆಸಿ, ನೆಲಕ್ಕೆ ತಾಡಪತ್ರಿ ಹಾಸಿ, ಎಲ್ಲರೂ ಕೆಳಗೇ ಕೂತು ಆರಿಸುವಂತೆ ಮಾಡಿದಳು. ಗುಳಿಗೆಯ ಡಬ್ಬಿಯನ್ನು ಮಾತ್ರ ತನ್ನ ಕಪಾಟಿನಲ್ಲೇ ಇಟ್ಟುಕೊಂಡಳು. ಮುಂಜಾನೆ ಸಂಜೆ ಚನ್ನವ್ವ ಬಂದು ಕೈ ಒಡ್ಡಬೇಕು, ಈಕೆ ಕೊಡಬೇಕು. ಆ ಹೊತ್ತಿಗೆ ಯಾರಾದರೂ ಬಂದಿದ್ದರಂತೂ ಕುಸುಮಕ್ಕನ ದನಿ ಸ್ವಲ್ಪ ಜೋರಾಗುತ್ತಿತ್ತು. "ಬಾ ಚನ್ನವ್ವಾ, ಗುಳಿಗಿ ತಗೋ. ನಿನ್ನ ಬಿಟ್ಟು ನನಗ ಮತ್ತೇನ ಕೆಲಸ ಐತಿ!"

ತೊಂಬತ್ನಾಲ್ಕರ ಭಾದ್ರಪದ. ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಅದೇ ವರ್ಷ ಮುನಿ ಮಹಾರಾಜರೊಬ್ಬರ ಚಾತುರ್ಮಾಸವೂ ಊರಲ್ಲೇ. ಜೈನರ ಓಣಿಗೆ ಓಣಿಯೇ ವ್ರತ ಹಿಡಿದು ಕೂತಿತ್ತು. ಕುಸುಮಕ್ಕನದು ಏಕಾಶನ, ದಿನಕ್ಕೊಂದೇ ಸಲ ಕೂತು ಊಟ ಮಾಡಬೇಕು, ನೀರೂ ಆಗಲೇ ಕುಡಿಯಬೇಕು, ಆಮೇಲೆ ಮರುದಿನದವರೆಗೆ ಹನಿಯೂ ಇಲ್ಲ.

"ಅಕ್ಕಾರ, ನೀವೆಲ್ಲಾ ಮಾಡಾಕತ್ತೀರಿ. ನಾನೂ ಮಾಡ್ಲೇನ್ರಿ?" ಎಂದು ಚನ್ನವ್ವ ಕೇಳಿದಳು. ಅನ್ನ ಕೊಡುವ ಮನೆಯವರ ಮನಸ್ಸು ಹಿಡಿಯಲು ಆಡಿದ ಮಾತದು. ಬ್ಯಾಡವ್ವ, ನಿನಗದು ಸಲ್ಲೂದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕುಸುಮಕ್ಕನಿಗೆ ಡಾಕ್ಟರ ಮಾತು ನೆನಪಾಗದೇ ಇರಲಿಲ್ಲ. ನೆನಪಾಯಿತು, ನಿಚ್ಚಳವಾಗಿಯೇ ನೆನಪಾಯಿತು. ಆದರೆ ಅದಕ್ಕಿಂತ ಮೊದಲು ಬಸದಿಯ ಕಟ್ಟೆ ಕಣ್ಣೆದುರು ಬಂದಿತ್ತು.

ಮರುದಿನ ಆಕೆಯ ಕೈಹಿಡಿದು ಬಸದಿಗೆ ಕರೆದೊಯ್ದಳು. "ನಮ್ಮ ಚನ್ನವ್ವರಿ. ನಮ್ಮ ಕುಲದಾಗ ಹುಟ್ಟಿಲ್ಲ, ಆದ್ರ ನಮಗಿಂತ ಒಂದ ಕೈ ಮ್ಯಾಲ ಅದಾಳ. ಏಕಾಶನ ಹಿಡದಾಳ ನೋಡ್ರಿ!" ಹೆಂಗಸರೆಲ್ಲ ಅಯ್ಯ ನಮ್ಮವ್ವಾ ಎಂದು ಚನ್ನವ್ವನ ಗಲ್ಲ ಸವರಿದರು. ಮಗ್ಗುಲ ಮನೆಯ ಸುಗಂಧಾ "ಎಲ್ಲಾ ನಿನ್ನ ಸಂಸ್ಕಾರ ಕುಸುಮಕ್ಕಾ" ಎಂದಳು. ಗಂಡನ ಮನೆಯಲ್ಲಿ ಪೀಡೆ ಅನ್ನಿಸಿಕೊಂಡಿದ್ದ ಚನ್ನವ್ವ ಆ ಮಾತಿಗೆ ಕಣ್ಣು ತುಂಬಿಕೊಂಡು ನಿಂತಳು. ಕುಸುಮಕ್ಕ ಉಬ್ಬಿಹೋದಳು.

ಅವತ್ತು ಸಂಜೆ ಪಡಸಾಲೆಯಲ್ಲಿ ಹೆಂಗಸರು ಕೂತಿದ್ದಾಗ ಚನ್ನವ್ವ ಬಾಗಿಲ ಸಂದಿಯಲ್ಲಿ ಬಂದು ನಿಂತಳು. "ಅಕ್ಕಾರ, ಗುಳಿಗಿ... ನೀರ ಬೇಕಾಗತೈತ್ರಿ."

ಎಲ್ಲರೂ ತಿರುಗಿ ಕುಸುಮಕ್ಕನ ಮುಖ ನೋಡಿದರು. ಆಕೆ ನಕ್ಕಳು. "ಮಧ್ಯಾಹ್ನ ಊಟದ ಜೋಡಿ ಒಂದ ನುಂಗಿದ್ರ ಸಾಕವ್ವ. ವ್ರತದಾಗ ಇದ್ದಾರಿಗೆ ಏನೂ ಆಗೂದಿಲ್ಲ. ಹತ್ತ ದಿನದ ಮಾತು."

ಚನ್ನವ್ವ ತಲೆಯಾಡಿಸಿ ಹೋದಳು. ಮತ್ತೆ ಕೇಳಲಿಲ್ಲ.

ಪರ್ವದ ನಡುವೆ ಒಂದು ಮುಂಜಾನೆ ಕುಸುಮಕ್ಕನ ಮನೆಯಲ್ಲಿ ಮಹಾರಾಜರ ಆಹಾರದ ಸಿದ್ಧತೆ ನಡೆದಿತ್ತು. ಮಿಂದು, ಮಡಿ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ಅಡುಗೆ ಮುಗಿಸಿದ್ದಳು. ಇನ್ನೇನು ಅವರನ್ನು ಎದುರುಗೊಳ್ಳಲು ಕಲಶ ಹಿಡಿದು ಬಾಗಿಲಿಗೆ ನಿಲ್ಲಬೇಕು, ಅಷ್ಟರಲ್ಲಿ ಶೆಡ್ಡಿನಿಂದ ಕಿರುಚಾಟ ಕೇಳಿಸಿತು.

ಓಡಿಹೋಗಿ ನೋಡಿದರೆ ಚನ್ನವ್ವ ನೆಲದ ಮೇಲೆ ಬಿದ್ದಿದ್ದಳು. ಕ್ರೇಟಿನ ಮೂಲೆ ಬಡಿದು ಹಣೆ ಒಡೆದಿತ್ತು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ಹೆಂಗಸರೆಲ್ಲ ಮುತ್ತಿಕೊಂಡಿದ್ದರು. ಸೋನಾಬಾಯಿ ಎಂಬಾಕೆ ಆಕೆಯ ಮುಷ್ಟಿಯೊಳಗೆ ಕೀಲಿಕೈ ತುರುಕುತ್ತಿದ್ದಳು, ಇನ್ನೊಬ್ಬಳು ಚಪ್ಪಲಿಯನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಉಸಿರಿಗೇ ಎಡೆಯಿಲ್ಲ. ಏನು ಮಾಡಬೇಕು ಎಂದು ಆ ಶೆಡ್ಡಿನಲ್ಲಿ ಗೊತ್ತಿದ್ದದ್ದು ಕುಸುಮಕ್ಕನೊಬ್ಬಳಿಗೇ.

ಒದ್ದಾಡುವ ಕಾಲೊಂದು ತನ್ನ ಕಡೆ ಬಂತು. ಕುಸುಮಕ್ಕ ಸೆರಗು ಎತ್ತಿಕೊಂಡು ಹಿಂದೆ ಸರಿದಳು.

ಮುಟ್ಟದಿದ್ದರೆ ಹೋಗಲಿ, ಬಾಯಿಂದಾದರೂ ಹೇಳಬಹುದಿತ್ತಲ್ಲ? ಬಿಡ್ರಿ, ಮಗ್ಗಲಿಗೆ ಹೊಳ್ಳಸ್ರಿ ಎನ್ನಲು ಮಡಿ ಅಡ್ಡ ಬರುತ್ತಿತ್ತೇ? ನಾಲಿಗೆ ಹೊರಳಲಿಲ್ಲ. ಕೊನೆಗೆ ಎಲ್ಲಿದ್ದನೋ ತವನಪ್ಪ, ನುಗ್ಗಿ ಬಂದು ಚಪ್ಪಲಿ ಕಿತ್ತೆಸೆದು, "ಸರೀರಿ ಅತ್ಲಾಗ!" ಎಂದು ಗದರಿಸಿದ. ತೋಟದ ಕೆಸರು ಮೆತ್ತಿದ ಬಟ್ಟೆಯಲ್ಲೇ ನೆಲಕ್ಕೆ ಕೂತು ಚನ್ನವ್ವನನ್ನು ಮಗ್ಗುಲಿಗೆ ಹೊರಳಿಸಿದ. ಕರುಣೆಯಿಲ್ಲ ಅನ್ನಿಸಿಕೊಂಡವನು. ಅವನು ಒಮ್ಮೆ ತಲೆಯೆತ್ತಿ ಹೆಂಡತಿಯನ್ನು ನೋಡಿದ.

ಓಣಿಯಲ್ಲಿ ಜಯಕಾರ ಕೇಳಿಸಿತು. ಕುಸುಮಕ್ಕ ಹೋಗಿ ಬಾಗಿಲಲ್ಲಿ ನಿಂತು "ನಮೋಸ್ತು, ನಮೋಸ್ತು" ಎಂದಳು. ಆಹಾರ ನಿರ್ವಿಘ್ನವಾಗಿ ಮುಗಿಯಿತು. ಆಮೇಲೆ ತನ್ನ ಒಂದು ಹೊತ್ತಿನ ಊಟಕ್ಕೆ ಕೂತು, ಎತ್ತಿದ ಮೊದಲ ತುತ್ತನ್ನು ತಟ್ಟೆಗೇ ಹಾಕಿದಳು. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿ ಎದ್ದುಬಿಟ್ಟಳು.

ಸುದ್ದಿ ತಲುಪಿ ಮರುದಿನ ಚನ್ನವ್ವನ ಅಣ್ಣ ಭೀಮಸಿ ಬಂದ. ಹಣೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೊರಗಿದ್ದ ತಂಗಿಯನ್ನು ನೋಡಿ ರೇಗಿದ.

"ಗುಳಿಗಿ ಬಿಟ್ಟಿದ್ಯೇನ ಬೇ?"

"ಮರತಿದ್ದೆ" ಎಂದಳು ಚನ್ನವ್ವ. ಕುಸುಮಕ್ಕನ ಕಡೆ ನೋಡಲೂ ಇಲ್ಲ.

"ಮರತಿದ್ಯಾ? ಅನ್ನಾ ಉಣ್ಣೂದ ಮರೀತಿಯೇನ? ಸಾಕಿನ್ನ. ಗಂಟ ಕಟ್ಟು, ಊರಿಗೆ ನಡಿ. ಇನ್ನಮ್ಯಾಲ ಹೊಸ್ತಿಲಾ ದಾಟಿದ್ರ ನೋಡು!"

ಚನ್ನವ್ವ ಎದ್ದು ಸೀರೆ ಮಡಚತೊಡಗಿದಳು. ಕುಸುಮಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸಲೀಸಾಗಿ ಮುಗಿದುಹೋಗುತ್ತಿತ್ತು. ರೋಗಿಷ್ಟೆ, ಮರೆಗುಳಿ, ಪಾಪ ಕುಸುಮಕ್ಕ ಎಷ್ಟು ಮಾಡಿದರೂ ಉಳಿಯಲಿಲ್ಲ ಎಂದು ಊರೂ ಹೇಳುತ್ತಿತ್ತು. ಸುಗಂಧಾ ಮತ್ತು ಶೆಡ್ಡಿನ ಹೆಂಗಸರು ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

"ಆಕಿ ಮರತಿಲ್ಲೋ ಭೀಮಸಿ" ಎಂದಳು ಕುಸುಮಕ್ಕ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಕೇಳಾಕ ಬಂದಿದ್ಲು. ನಾನ ಬ್ಯಾಡಂದೆ. ಬಸದ್ಯಾಗ ನಾಕ ಮಂದಿ ನನ್ನ ಹೊಗಳಲಿ ಅಂತ ಆಕೀನ ಉಪಾಸ ಕೆಡವಿದೆ."

ಭೀಮಸಿ ಕೂಗಾಡಿದ್ದರೆ ಒಳ್ಳೆಯದಿತ್ತು. ಅವನು ಬಹಳ ಮೆಲ್ಲಗೆ ಹೇಳಿದ: "ನಾವು ಮನ್ಯಾಗ ಆಕೀಗೆ ಬೈತಿದ್ವಿರಿ ಅಕ್ಕಾರ. ಬಾಯಿಗಿ ಬಂದಂಗ ಬೈತಿದ್ವಿ. ಆದ್ರ ಗುಳಿಗಿ ಕೊಡ್ತಿದ್ವಿ."

ಕುಸುಮಕ್ಕನಿಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಕಪಾಟಿನಿಂದ ಡಬ್ಬಿ ತಂದು ಚನ್ನವ್ವನ ಕೈಗಿಟ್ಟಳು. "ಇನ್ನ ಇದು ನಿನ್ನ ಕಡೆನ ಇರ್ಲಿ. ಹೋಗಬ್ಯಾಡ ಅನ್ನಾಕ ನನಗ ಮಾರಿ ಇಲ್ಲ. ಆದ್ರೂ ಕೇಳ್ತೀನಿ. ನಿನ್ನ ಕೆಲಸ ನಿಂದ ಐತಿ."

ಚನ್ನವ್ವ ಮಡಚಿದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಮ್ಮೆ ಅಣ್ಣನ ಕಡೆ ನೋಡಿದಳು. ಊರಲ್ಲಿ ಅವಳಿಗೆ ಕಾದಿದ್ದದ್ದು ಒಂದು ಮೂಲೆ ಮಾತ್ರ, ಅದು ಅವಳಿಗೂ ಗೊತ್ತಿತ್ತು.

"ಹಣಿ ಗಾಯ ಮಾಯ್ದ ಮ್ಯಾಲ ಬರ್ತೀನ್ರಿ. ಕೆಲಸಾ ಮಾಡ್ತೀನಿ" ಎಂದಳು. ಆಮೇಲೆ ಮೊದಲ ಸಲ ಕುಸುಮಕ್ಕನ ಮುಖವನ್ನು ನೆಟ್ಟಗೆ ನೋಡಿದಳು. "ಆದ್ರ ಒಂದ ಮಾತ್ರಿ ಅಕ್ಕಾರ. ಮಂದಿ ಮುಂದ ನನ್ನ ಛಲೋ ಅದಾಳ ಅನಬ್ಯಾಡ್ರಿ. ಪಗಾರ ಅಷ್ಟ ಕೊಡ್ರಿ."

"ಆಗ್ಲವ್ವ" ಎಂದಳು ಕುಸುಮಕ್ಕ. ಭೀಮಸಿ ಅಡ್ಡಿ ಮಾಡದೆ ತಂಗಿಯ ಗಂಟು ಎತ್ತಿಕೊಂಡ. ಅವರಿಬ್ಬರೂ ಹೊರಟು ಓಣಿ ದಾಟುವವರೆಗೂ ಕುಸುಮಕ್ಕ ತಲೆ ಎತ್ತಲಿಲ್ಲ.