ಕಪ್ಪು ಹಕ್ಕಳೆ

ಅವ್ವನ ಬಲಗೈ ಸುಟ್ಟದ್ದು ಗಂಗಾವತಿಯ ಮಂಡಕ್ಕಿ ಭಟ್ಟಿಯಲ್ಲಿ. ಕಾದ ಉಸುಕಿನ ಕಡಾಯಿ ವಾಲಿ, ಬೆರಳಿನಿಂದ ಮೊಣಕೈವರೆಗೆ ಸುರಿಯಿತು. ಕೊಪ್ಪಳದ ಒಂದು ದವಾಖಾನೆಗೆ ಸೇರಿಸಿದೆವು. ಅಲ್ಲಿ ರಕ್ತ ನೋಡಿದ ಮೇಲೆ ಗೊತ್ತಾಯಿತು, ಅವ್ವ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಎರಡು ವರ್ಷವಾಗಿತ್ತು.

ಅವಳ ಹತ್ತಿರ ಇರಲು ನನ್ನನ್ನು ಬಿಟ್ಟರು. ನಾನು ಏಳನೇ ತರಗತಿಗೆ ಸಾಲೆ ಬಿಟ್ಟವಳು. ಡಾಕ್ಟರು ಬಂದರೆ ಗೋಡೆಗೆ ಆತು ನಿಂತು, ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸುತ್ತಿದ್ದೆ.

"ಏನವಾ, ಬಾಯಾಗ ಮಂಡಕ್ಕಿ ತುಂಬಿಕೊಂಡು ಬಂದೀಯೇನು?" ಎಂದು ನರ್ಸ್ ನೇತ್ರಾವತಿ ಚಾಷ್ಟಿ ಮಾಡುತ್ತಿದ್ದರು.

ಐದನೆಯ ದಿನ ಚಿಕ್ಕಮ್ಮ ಫಕೀರಮ್ಮ ಬಂದಳು. ಅವಳೂ ಅದೇ ಭಟ್ಟಿಯಲ್ಲಿ ದುಡಿಯುತ್ತಾಳೆ. ಅಲ್ಲಿ ಯಾರ ಕೈ ಸುಟ್ಟರೂ ಭತ್ತದ ಹೊಟ್ಟಿನ ಬೂದಿ ಉದುರಿಸುತ್ತಾರೆ. ಗಾಯ ಒಣಗಿ ಕಪ್ಪು ಹಕ್ಕಳೆ ಕಟ್ಟಿತೆಂದರೆ ವಾಸಿಯಾದಂತೆಯೇ ಲೆಕ್ಕ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿದಳು. ಬೂದಿ ಭಟ್ಟಿಯ ಹಿಂದಿನ ಗುಡ್ಡೆಯದು, ಮಳೆಗೆ ನೆಂದು ಮುಗ್ಗು ವಾಸನೆ ಹೊಡೆಯುತ್ತಿತ್ತು. ನರ್ಸಮ್ಮ ಊಟಕ್ಕೆ ಹೋಗಿದ್ದರು. ಮೊಣಕೈ ಹತ್ತಿರ ಪಟ್ಟಿಯ ಅಂಚು ಎತ್ತಿ ಹಿಡಿದವಳು ನಾನು, ಬೂದಿ ಉದುರಿಸಿದವಳು ಚಿಕ್ಕಮ್ಮ. ಮರುದಿನ ನರ್ಸಮ್ಮ ಪಟ್ಟಿ ಬಿಚ್ಚುವ ಮೊದಲೇ, ಅವರಿಗೆ ಕಾಣಬಾರದೆಂದು, ಅವ್ವ ನನ್ನ ಕೈಲಿ ಆ ಬೂದಿಯನ್ನು ಒರೆಸಿ ತೆಗೆಸಿದಳು.

ಮೂರು ದಿನಕ್ಕೆ ಅಲ್ಲಿ ಕಪ್ಪು ಕಟ್ಟಿತು.

"ನೋಡು, ಹಕ್ಕಳಿ ಬಂತು," ಎಂದು ಅವ್ವ ಹಿಗ್ಗಿದಳು.

ಆದರೆ ನರ್ಸಮ್ಮ ಅದನ್ನು ಮುಟ್ಟಿದಾಗ ಅವಳಿಗೆ ನೋವೇ ಆಗಲಿಲ್ಲ. ಕಪ್ಪಿನ ಅಂಚಿಗೆ ಬೂದುಬಣ್ಣದ ನವಿರು ಎದ್ದಿತ್ತು. ಅಂಥದ್ದನ್ನು ನಾನು ನೋಡಿದ್ದೆ, ಭಟ್ಟಿಯ ಹಿಂದೆ ನೆಂದು ಬಿದ್ದ ಗೋಣಿಚೀಲಗಳ ಮೇಲೆ.

ಹೊರಗಿನದೇನಾದರೂ ಹಚ್ಚಿದಿರಾ ಎಂದು ಡಾಕ್ಟರು ಕೇಳಿದರು. ಅವ್ವ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. ಹೇಳಿದರೆ ಬೈದು ಮನೆಗೆ ಕಳಿಸುತ್ತಾರೆ ಎಂಬುದು ಅವಳ ಹೆದರಿಕೆ. ನಾನು ಇಲ್ಲವೆಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಕಪ್ಪು ಮೊಣಕೈ ದಾಟಿತ್ತು. ಅವ್ವನಿಗೆ ಮೈ ಸುಡುವ ಜ್ವರ. ಡಾಕ್ಟರು ಬಾಗಿಲಲ್ಲಿ ಕಂಡೊಡನೆ ಬಾಯಿ ಬಿಟ್ಟೆ.

"ಬೂದಿ ಹಾಕೀವ್ರಿ. ಪಟ್ಟಿ ಎತ್ತಿದಾಕಿ ನಾನರಿ."

ಅವರು ಬೈಯಲಿಲ್ಲ. ಇದು ಬೂಷ್ಟು, ಸಕ್ಕರೆ ಏರಿದ ಮೈಯಲ್ಲಿ, ಸುಟ್ಟ ಮಾಂಸದೊಳಗೆ ಬೇಗ ಬೇರುಬಿಡುತ್ತದೆ ಎಂದರು. ಬೂದಿಯಿಂದ ಬಂತೋ ಗಾಳಿಯಿಂದ ಬಂತೋ ಹೇಳಲಾಗದು ಎಂದೂ ಅಂದರು.

"ನಿನ್ನೆ ಕೇಳಿದಾಗನ ಹೇಳಿದ್ದರ?" ಎಂದು ಕೇಳಿದೆ.

ಡಾಕ್ಟರು ಕಪ್ಪಿನ ಅಂಚಿಗೆ ಬೆರಳು ತೋರಿಸಿದರು. "ನಿನ್ನೆ ಅದು ಮೊಣಕೈ ಕೆಳಗಿತ್ತು," ಎಂದರು.

ಅವತ್ತೇ ಕೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಿದರು. ದಿನಾ ಬೂಷ್ಟು ಕೊಲ್ಲುವ ಔಷಧಿಯನ್ನು ಸಲೈನಿನಲ್ಲಿ ಏರಿಸಿದರು. ಅದು ಏರುವಾಗ ಅವ್ವ ಗಡಗಡ ನಡುಗುತ್ತಿದ್ದಳು. ಚಿಕ್ಕಮ್ಮ ಬಂದು ಬಾಗಿಲಲ್ಲೇ ನಿಂತು ಹೋದಳು, ಒಳಗೆ ಬರಲಿಲ್ಲ.

ಕೈ ಕತ್ತರಿಸಿದ ನಾಲ್ಕನೆಯ ದಿನ ಪಟ್ಟಿ ಬಿಚ್ಚಿ, ನೇತ್ರಾವತಿಯವರು ಹೊಸ ಹತ್ತಿ ತರಲು ಆಚೆ ಹೋದರು. ನಾನು ಬಗ್ಗಿ ನೋಡಿದೆ. ಹೊಲಿಗೆಯ ತುದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು.

ನಾನು ನೋಡಿದ್ದನ್ನು ಅವ್ವ ನೋಡಿದಳು.

"ಹಕ್ಕಳಿ ಅದು," ಎಂದಳು. ಎಡಗೈ ನನ್ನ ಮಣಿಕಟ್ಟಿಗೆ ಬಂತು. "ಸುಮ್ಮನಿರವಾ. ಇನ್ನ ಕೊಯ್ಯಾಕ ಏನೈತಿ ನನ್ನ ಮೈಯಾಗ?"

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ವರಾಂಡದ ತುಂಬ ಜನ ನನ್ನತ್ತ ತಿರುಗುವಂತೆ, ಡಾಕ್ಟರನ್ನು ಕೂಗುತ್ತ ಓಡಿದೆ.