ಮಡ್‌ಗಾರ್ಡಿನ ಒಳಗಡೆ ಕುಂಕುಮ

೧೯೮೮ನೇ ಇಸವಿ. ನವರಾತ್ರಿಯ ಒಂಬತ್ತನೇ ದಿನ, ಬುಧವಾರ, ಬೆಳಗಿನ ಏಳೂವರೆ ಗಂಟೆ. ಮುಗಿದೇ ಹೋಯಿತು ಅಂದುಕೊಂಡಿದ್ದ ಮಳೆ, ಮರೆತುಹೋದ ಕೊಡೆ ಒಯ್ಯಲು ಬಂದವರ ಹಾಗೆ ರಾತ್ರಿ ಒಂದು ಸಲ ತಿರುಗಿ ಬಂದು ಹೋಗಿತ್ತು. ಮಲಾಡಿನ ಆ ಬಿಲ್ಡಿಂಗಿನ ಅಂಗಳ ಇನ್ನೂ ಒದ್ದೆ. ಅಲ್ಲಿ ಜಯಸಿಂಹನ ಬಿಳಿ ಫಿಯೆಟ್ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ಆಯುಧಪೂಜೆಗೆ ನಿಂತಿತ್ತು.

ಆ ಕಾರಿನ ಚಕ್ರಕ್ಕೆ ಕುಂಕುಮ ಹಚ್ಚುವ ಕೆಲಸ ವರ್ಷವೂ ಮರೆಪ್ಪನದು. ಗುಲಬರ್ಗಾ ಕಡೆಯ ಮನುಷ್ಯ. ಸ್ಟೇಷನ್ನಿನ ಹತ್ತಿರ ಮೂವತ್ತು ವರ್ಷದಿಂದ ಅವನದೊಂದು ಪಂಕ್ಚರ್ ಅಂಗಡಿ. ಓದು ಅಷ್ಟಕ್ಕಷ್ಟೆ. ಆದರೆ ಟೈರಿನ ಮೈಮೇಲೆ ಎದ್ದಿರುವ ಅಂಕಿಗಳನ್ನು ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಓದುವನು. ಯಾರ ಗಾಡಿಗೆ ಯಾವ ಮಳೆಗಾಲದಲ್ಲಿ ಯಾವ ಟೈರು ಹಾಕಿದ್ದು ಎಂದು ಕೇಳಿದರೆ ತಟ್ಟನೆ ಹೇಳುವನು.

ಈ ಸಲ ಕುಂಕುಮ ಕಲಸುವಾಗ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ.

ಜಯಸಿಂಹ ವಿಮಾ ಕಚೇರಿಯಲ್ಲಿ ಕೆಲಸದವನು. ವಾರವೆಲ್ಲ ಆ ಕಾರಿನಲ್ಲೇ ಟೀಚರಾಗಿದ್ದ ಹೆಂಡತಿ ಸುಮಿತ್ರಾಳನ್ನೂ ಎಂಟು ವರ್ಷದ ಮಗಳು ವಿನೋದಿನಿಯನ್ನೂ ಸ್ಕೂಲಿಗೆ ಬಿಟ್ಟು ಆಫೀಸಿಗೆ ಹೋಗುವನು. ತಿಂಗಳಿಗೊಂದು ಭಾನುವಾರ ಮಾತ್ರ ಅವನೇ ಬೇರೆ, ಅವನ ಕಾರೇ ಬೇರೆ. ಊರಾಚೆ ವಿಮಾನ ಇಳಿಯದ ಹಳೇ ಪಟ್ಟಿಯೊಂದಿತ್ತು. ಮೋಟಾರು ಕ್ಲಬ್ಬಿನವರು ಅಲ್ಲಿ ಗಡಿಯಾರ ಹಿಡಿದು ನಿಂತು ಕಾರು ಓಡಿಸಲು ಬಿಡುತ್ತಿದ್ದರು. ಹೋದ ತಿಂಗಳು ಜಯಸಿಂಹ ಹನ್ನೊಂದು ಮಂದಿಯಲ್ಲಿ ಒಂಬತ್ತನೆಯವನು. ಆ ಒಂಬತ್ತು ಅವನ ನಿದ್ದೆ ಕೆಡಿಸಿತು. ಕುರ್ಲಾಕ್ಕೆ ಹೋದವನೇ ಹಳೇ ಸಾಮಾನಿನ ರಾಶಿಯಿಂದ ಯಾವುದೋ ವಿಲಾಯತಿ ಕಾರಿನ ಅಗಲವಾದ ಅಲಾಯ್ ಚಕ್ರ ತಂದ. ಅದರ ಮೇಲೆ ಬಟನ್ನೇ ಇಲ್ಲದ, ಅಂದರೆ ನೆಲ ಹಿಡಿಯುವ ಉಬ್ಬುತಗ್ಗುಗಳೇ ಇಲ್ಲದ, ನುಣ್ಣನೆಯ ಅಗಲ ಟೈರು.

"ಸಾಹೇಬ್ರ, ಇವು ನಿಮ್ಮ ಗಾಡೀವಲ್ರಿ" ಎಂದು ಮರೆಪ್ಪ ಒಮ್ಮೆ ಹೇಳಿದ್ದ.

"ಬೋಲ್ಟು ಕೂತ್ವಲ್ಲ ಮರೆಪ್ಪನೋರೆ! ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎರಡು ಬೆರಳು ಜಾಗ ಇದೆ, ನೋಡಿ ಬೇಕಾದ್ರೆ" ಎಂದಿದ್ದ ಜಯಸಿಂಹ.

ಖಾಲಿ ಗಾಡಿಯಲ್ಲಿ ಜಾಗವಿದ್ದದ್ದು ನಿಜ. ಮರೆಪ್ಪ ಎರಡನೇ ಮಾತಾಡದೆ ಚಕ್ರ ಹಾಕಿಕೊಟ್ಟಿದ್ದ. ಆಡದೆ ಬಿಟ್ಟ ಆ ಎರಡನೇ ಮಾತು ಎರಡು ದಿನದಿಂದ ಅವನನ್ನು ಚುಚ್ಚುತ್ತಿತ್ತು. ನಾಳೆ ದಶಮಿ. ಮನೆಮಂದಿಯೆಲ್ಲ ಈ ಕಾರಿನಲ್ಲೇ ಹೈವೇ ಹಿಡಿದು ಬೊರಿವಲಿಯ ನೆಂಟರ ಮನೆಗೆ ಹೊರಟಿದ್ದರು. ದಾರಿಯಲ್ಲಿ ಟೈರು ಸಿಡಿದರೆ?

ಅವನು ಕುಂಕುಮವನ್ನು ಟೈರಿನ ಅಂಚಿನ ಸುತ್ತಲೂ ದಪ್ಪಗೆ ಬಳಿದ.

"ಏನು ಮರೆಪ್ಪ, ಈ ವರ್ಷ ಕುಂಕುಮ ಬಲು ಧಾರಾಳ?" ಎಂದರು ಅಮ್ಮಣ್ಣಿ. ಅವರು ಜಯಸಿಂಹನ ತಾಯಿ, ಮೈಸೂರಿನವರು.

"ಚಕ್ರ ದೊಡ್ಡದು ಅಲ್ರೀ ಅಮ್ಮಾರ. ಕುಂಕುಮಾನೂ ದೊಡ್ಡದು."

ಪೂಜೆಯಾಯಿತು. ಬೂದುಗುಂಬಳಕಾಯಿ ಒಡೆದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ಪೂಜೆಯಾದ ಮೇಲೆ ಮನೆಯವರೆಲ್ಲ ಕೂತು ಬಿಲ್ಡಿಂಗಿಗೆ ಒಂದು ಸುತ್ತು ಬರುವುದು ಆ ಮನೆಯ ರೂಢಿ. ಅಮ್ಮಣ್ಣಿ, ಸುಮಿತ್ರಾ, ವಿನೋದಿನಿ ಹತ್ತಿದರು. ಮರೆಪ್ಪ ಎಂದೂ ಹತ್ತದವನು, ಅಂದು ತಾನೇ ಬಾಗಿಲು ತೆಗೆದು ಮುಂದೆ ಕೂತ. ನಿಂಬೆಹಣ್ಣು ಪಚಕ್ ಎಂದವು. ಕಾರು ಗೇಟಿನ ಹತ್ತಿರ ತಿರುಗಿತು.

ಕರ್ರ್ರ್!

"ಏನ್ರೀ ಅದು?" ಎಂದಳು ಸುಮಿತ್ರಾ.

"ಏನಿಲ್ಲ ಕಣೇ, ನಿಂಬೆಹಣ್ಣು ಸಿಕ್ಕೊಂಡಿದೆ."

"ನಾಲ್ಕೂ ಹಣ್ಣು ಅಲ್ಲೇ ಅಪ್ಪಚ್ಚಿಯಾಗಿ ಬಿದ್ದಿವೆ ಕಣೋ" ಎಂದರು ಅಮ್ಮಣ್ಣಿ, ಹಿಂದಿನ ಕಿಟಕಿಯಿಂದ ಬೆರಳು ತೋರಿಸಿ. "ಇದು ಐದನೇದೋ?"

ವಿನೋದಿನಿಗೆ ನಗು ತಡೆಯಲಿಲ್ಲ. "ಪಪ್ಪಾ, ಗಾಡಿ ರೋತೀ ಹೈ! ಅಳ್ತಾ ಇದೆ!"

ಎಲ್ಲರೂ ಇಳಿದರು. ಮರೆಪ್ಪ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಸವರಿ, ಬೆರಳನ್ನು ಅಮ್ಮಣ್ಣಿಯವರ ಮುಂದೆ ಹಿಡಿದ. ಕೆಂಪಗಿತ್ತು.

"ಅಯ್ಯೋ ಶಿವನೆ, ಮಡ್‌ಗಾರ್ಡಿನ ಒಳಗೂ ಕುಂಕುಮ! ಅಷ್ಟು ಮಡಿವಂತಿಕೆ ನಾನೂ ಮಾಡೋಳಲ್ಲ. ಯಾರಪ್ಪ ಹಚ್ಚಿದ್ದು?"

"ಟೈರೇ ಹಚ್ಚ್ಯಾದ್ರಿ. ಖಾಲಿ ಗಾಡ್ಯಾಗ ಎರಡು ಬೆರಳು ಜಾಗ ಇತ್ತು. ಐದು ಮಂದಿ ಕುಂತ್ರ ಗಾಡಿ ಕೆಳಗ ಕುಂದರ್ತದ. ಚಕ್ರ ಹೊರಗ ಚಾಚ್ಯಾದ. ತಿರುಗಿಸಿದ ಕೂಡ್ಲೆ ತಗಡಿಗೆ ತಿಕ್ತದ. ಇಲ್ಲಿ ನೋಡ್ರಿ."

ಟೈರಿನ ಅಂಚಿನಲ್ಲಿ ಬ್ಲೇಡಿನಿಂದ ಎಳೆದಂಥ ಹೊಸ ಸೀಳು.

"ಇದೇ ಸೀಳು ಹೈವೇದಾಗ ದೊಡ್ಡದಾದ್ರ ಟೈರು ಢಂ ಅಂತದ್ರಿ ಸಾಹೇಬ್ರ. ಆವತ್ತೇ ನಿಮ್ಮ ಕೈ ಹಿಡಿದು ಹೇಳಬೇಕಿತ್ತು. ಹೇಳಲಿಲ್ಲ. ಅದು ನನ್ನ ತಪ್ಪು."

ಸುಮಿತ್ರಾ ಮಗಳನ್ನು ಹತ್ತಿರ ಎಳೆದುಕೊಂಡಳು. "ಈ ಚಕ್ರ ಇರೋವರೆಗೆ ನಾನೂ ಹತ್ತಲ್ಲ, ಮಗೂನೂ ಹತ್ತಿಸಲ್ಲ. ನಾವು ಲೋಕಲ್‌ನಲ್ಲಿ ಹೋಗ್ತೀವಿ."

"ಆದ್ರೆ ಒಣ ನೆಲದ ಮೇಲೆ ಇದರ ಹಿಡಿತ ಎಂಥದ್ದು ಗೊತ್ತಾ?" ಜಯಸಿಂಹ ಇನ್ನೂ ಬಿಡಲೊಲ್ಲ. "ಬೇಕಿದ್ರೆ ಮಡ್‌ಗಾರ್ಡಿನ ಅಂಚು ಬಡಿಸಿ ಮಡಿಸ್ತೀನಿ."

"ಒಣ ನೆಲ ಎಲ್ಲದ್ರಿ?" ಮರೆಪ್ಪ ಅಂಗಳದ ನೀರು ತೋರಿಸಿದ. "ಅಮ್ಮಾರ, ಹೋದ ತಿಂಗಳು ನೀವು ಬಚ್ಚಲದಾಗ ಯಾಕ ಜಾರಿದ್ರಿ?"

"ಹಾಳು ಹವಾಯಿ ಚಪ್ಪಲಿ ಕಣಪ್ಪ. ಅಡಿ ಸವೆದು ಕನ್ನಡಿ ಆಗಿತ್ತು. ಸೊಂಟ ಇನ್ನೂ ನೋಯುತ್ತೆ."

"ಒಣ ಅಡುಗೆಮನ್ಯಾಗ ಅದೇ ಚಪ್ಪಲಿ ಜಾರಿತ್ತೇನು?"

"ಇಲ್ಲ."

"ಅದೇ ಚಪ್ಪಲಿ ಸಾಹೇಬ್ರು ಗಾಡಿಗೆ ಹಾಕ್ಸ್ಯಾರ. ಬಟನ್ ನಡುವಿನ ಕಾಲುವೆಯಾಗ ನೀರು ಹರಿದು ಹೋಗಬೇಕು. ಕಾಲುವೆನೇ ಇಲ್ಲಂದ್ರ ಟೈರು ನೀರಿನ ಮ್ಯಾಲೆ ತೇಲ್ತದ. ನೀವು ಬ್ರೇಕ್ ಒತ್ತತೀರಿ, ಗಾಡಿ ತನ್ನ ಪಾಡಿಗೆ ಹೋಗ್ತಿರ್ತದ."

ಅಮ್ಮಣ್ಣಿ ಸೊಂಟದ ಮೇಲೆ ಕೈಯಿಟ್ಟು ಮಗನನ್ನು ನೋಡಿದರು. "ನನ್ನ ಚಪ್ಪಲಿ ಕಿತ್ತು ಕಸಕ್ಕೆ ಬಿಸಾಕಿದೋನು ನೀನೇ ಅಲ್ವೇನೋ ಜಯು?"

ಜಯಸಿಂಹ ಸೋತ. ಆದರೂ ಚೌಕಾಸಿ ಬಿಡಲಿಲ್ಲ. "ಆಗಲಿ. ಹಳೇ ಕಬ್ಬಿಣದ ಚಕ್ರಾನೇ ಹಾಕಿ. ಮುಂದೆ ಎರಡು ಮಾತ್ರ ನೆಲ ಚೆನ್ನಾಗಿ ಹಿಡಿಯೋ ಹೊಸ ರೇಡಿಯಲ್ ಟೈರು, ಹಿಂದೆ ಮೊದಲಿದ್ದ ನೈಲಾನ್ ಟೈರೇ ಇರಲಿ. ಆಫೀಸಿಗೂ ಆಯ್ತು, ಓಟಕ್ಕೂ ಆಯ್ತು."

"ಬ್ಯಾಡ್ರಿ. ಎಪ್ಪತ್ತೊಂಬತ್ತನೇ ಇಸವಿ ಮಳಿಗಾಲದಾಗ ಟ್ಯಾಕ್ಸಿ ಪೂವಪ್ಪ ಹಾಂಗೇ ಮಾಡಿದ್ದ. ಅಂಧೇರಿ ತಿರುವಿನಾಗ ಮುಂದಿನ ಚಕ್ರ ನೆಲ ಹಿಡಿದವು, ಹಿಂದಿನವು ಬಿಟ್ಟವು. ಗಾಡಿ ಬುಗುರಿ ಹಾಂಗ ತಿರುಗಿ ತರಕಾರಿ ಗಾಡಿಗೆ ಹೋಗಿ ನಿಂತಿತ್ತು. ಪುಣ್ಯಕ್ಕ ಯಾರಿಗೂ ಏನೂ ಆಗಲಿಲ್ಲ. ಒಂದು ವಾರ ಪೂವಪ್ಪನ ಮನ್ಯಾಗ ಬರೇ ಬದನೆಕಾಯಿ ಪಲ್ಯ."

ಜಯಸಿಂಹನೂ ನಕ್ಕ. "ಹಾಗಾದ್ರೆ ಏನು ಮಾಡಲಿ, ನೀವೇ ಹೇಳಿ."

"ಎರಡು ಜೊತೆ ಇಟ್ಕೋರಿ. ದಿನದ ಕೆಲಸಕ್ಕ ಗಾಡಿ ಜೊತಿಗೆ ಬಂದ ಚಕ್ರ, ಅದರ ಮ್ಯಾಲೆ ಆಳವಾದ ಬಟನ್ ಇರೋ ನಾಕು ಟೈರು. ಓಟಕ್ಕ ಅದೇ ಅಳತೀದು ಇನ್ನೊಂದು ಜೊತೆ ಚಕ್ರ, ಅದಕ್ಕ ನಾಕೂ ಹೊಸ ರೇಡಿಯಲ್. ಅಲ್ಲಿ ಹೋಗಿ ಬದಲಿಸೋದು, ಓಡಿಸೋದು, ತಿರುಗಿ ಇವನ್ನ ಹಾಕ್ಕೊಂಡು ಮನಿಗೆ ಬರೋದು. ಎರಡು ಜೊತೆ ಕೂಡಿ ಬರದಿದ್ರ ದಿನದ ಟೈರಿನ ಮ್ಯಾಲೇ ಓಡಸ್ರಿ, ಸ್ವಲ್ಪ ಮೆಲ್ಲಗ. ಒಂಬತ್ತನೇದವ್ರಾಗಿ ಮನಿಗೆ ಬಂದ್ರ ಏನು ಕಡಿಮಿ?"

"ಎಂಟನೆಯವನಾದ್ರೂ ಆಗ್ತೀನಿ" ಎಂದ ಜಯಸಿಂಹ, ಮತ್ತು ತಾನೇ ಜಾಕ್ ತರಲು ಡಿಕ್ಕಿಗೆ ಹೋದ.

ಮಧ್ಯಾಹ್ನದೊಳಗೆ ಹಳೇ ಚಕ್ರಗಳು ತಿರುಗಿ ಕೂತವು. ಅಮ್ಮಣ್ಣಿ ಬಿಡಲಿಲ್ಲ, ಮಡ್‌ಗಾರ್ಡಿನೊಳಗಿನ ಕುಂಕುಮ ಒರೆಸಿಸಿ, ಟೈರಿಗೆ ಹೊಸದಾಗಿ ಬಳಿಸಿ, ಎಲ್ಲರನ್ನೂ ಹತ್ತಿಸಿ, ಇನ್ನೊಂದು ಸುತ್ತು ಹಾಕಿಸಿದರು. ಇಳಿದವರೇ ಮಡ್‌ಗಾರ್ಡಿನೊಳಗೆ ತಮ್ಮ ಕೈಯನ್ನೇ ಹಾಕಿ ನೋಡಿದರು. ಬೆರಳಿಗೆ ಬರೀ ಧೂಳು. ದಶಮಿಯ ದಿನ ಐದು ನಿಮಿಷ ತಡವಾಗಿ ಹೊರಟರೂ ಬೊರಿವಲಿಗೆ ಸುಖವಾಗಿ ಮುಟ್ಟಿದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಗಾಡಿಯೂ ವಾರವೆಲ್ಲ ಮನೆಮಂದಿಯನ್ನು ಹೊತ್ತು ಭಾನುವಾರ ಓಟಕ್ಕೆ ಹೋಗುವಂಥದ್ದೇ? ಹಾಗಿದ್ದರೆ ಬೋಲ್ಟು ಕೂತಿತೆಂದು ಚಕ್ರ ಕೊಳ್ಳಬೇಡಿ. ಮನೆಯವರನ್ನೆಲ್ಲ ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ನಾಲ್ಕು ಟೈರೂ ಒಂದೇ ಜಾತಿಯವು, ಒಂದೇ ಅಳತೆಯವು ಇರಲಿ. ಗಾಡಿಯ ಭಾರವನ್ನೂ ವೇಗವನ್ನೂ ತಾಳುವಂಥವಿರಲಿ. ಓಟಕ್ಕೆ ರೀಸೋಲ್ ಮಾಡಿಸಿದ, ಅಂದರೆ ಸವೆದ ಟೈರಿನ ಮೇಲೆ ಹೊಸ ರಬ್ಬರು ಅಂಟಿಸಿದ ಟೈರು ಬೇಡವೇ ಬೇಡ. ಟೈರು ತಣ್ಣಗಿರುವಾಗ ಹವಾ ನೋಡಿ. ಚಕ್ರ ಬದಲಿಸಿ ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿ. ನಿಮಗೆ ತಿಳಿದದ್ದನ್ನು ಪಕ್ಕದ ಮನೆಯವರಿಗೂ ಹೇಳಿ. ಒಂದು ಸಲ ಹೇಳಿ ಸುಮ್ಮನಾಗಬೇಡಿ, ಎರಡನೇ ಸಲವೂ ಹೇಳಿ.

ಮುಂದಿನ ತಿಂಗಳ ಓಟಕ್ಕೆ ಅವರು ಹೊರಟದ್ದು ಭಾನುವಾರ, ಬೆಳಿಗ್ಗೆ ಆರಕ್ಕೆ. ಕ್ಯಾರಿಯರಿನ ಮೇಲೆ ಓಟದ ಎರಡು ಚಕ್ರ, ಡಿಕ್ಕಿಯಲ್ಲಿ ಒಂದು. ಮುಂದೆ ಜಯಸಿಂಹ, ಅವನ ಪಕ್ಕದಲ್ಲಿ ತೊಡೆಯ ಮೇಲೆ ಜಾಕ್ ಇಟ್ಟುಕೊಂಡ ಮರೆಪ್ಪ. ಹಿಂದಿನ ಸೀಟಿನಲ್ಲಿ ಹಳೇ ಸೀರೆ ಸುತ್ತಿದ ನಾಲ್ಕನೇ ಚಕ್ರ. ಅದರ ಪಕ್ಕದಲ್ಲಿ, ಬೇಡವೆಂದರೂ ಕೇಳದೆ, ಹೊಸ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅಮ್ಮಣ್ಣಿ.