ಕತ್ತು ಒತ್ತಿ ನೋಡುವ ಕೈ

ನಾನು ಓದುವುದು ಮೆಕಾಟ್ರಾನಿಕ್ಸ್ ಅಂಡ್ ರೋಬೋಟಿಕ್ಸ್ ಎಂಜಿನಿಯರಿಂಗ್. ಕಡೂರಿನ ಬಸ್ಸಿನಲ್ಲಿ ಯಾರಾದರೂ ಕೇಳಿದರೆ, ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರ ಸ್ಟಾಪು ಬಂದಿರುತ್ತದೆ. ಇಳಿಯದೆ ಉಳಿದವರು, “ಅಂದ್ರೆ ಟ್ರ್ಯಾಕ್ಟರ್ ರಿಪೇರಿನೋ, ಟಿ.ವಿ. ರಿಪೇರಿನೋ?” ಅನ್ನುತ್ತಾರೆ. ಎರಡೂ ಅನ್ನುತ್ತೇನೆ. ಮೊದಲ ವರ್ಷ ಬಿಡಿಸಿ ಹೇಳುತ್ತಿದ್ದೆ, ಈಗ ಅಷ್ಟು ತಾಳ್ಮೆ ಉಳಿದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಮಾಡಿದ್ದು ಈರುಳ್ಳಿ ಆರಿಸುವ ಕೈ. ಭುಜ, ಮೊಣಕೈ, ಎರಡು ಬೆರಳು, ಅಷ್ಟೇ. ರಾಶಿಯಿಂದ ಒಂದು ಈರುಳ್ಳಿ ಎತ್ತುತ್ತದೆ, ಕ್ಯಾಮೆರಾದ ಮುಂದೆ ಹಿಡಿಯುತ್ತದೆ, ಆಮೇಲೆ ಬೆರಳಿನಿಂದ ಅದರ ಕತ್ತು, ಅಂದರೆ ಸೊಪ್ಪು ಹೊರಡುವ ತುದಿ, ಒತ್ತಿ ನೋಡುತ್ತದೆ. ಒಳ್ಳೆಯದಾದರೆ ಬಲಗಡೆಯ ಬುಟ್ಟಿಗೆ, ಕೊಳೆತದ್ದಾದರೆ ಎಡಗಡೆಯ ಬುಟ್ಟಿಗೆ. ಕತ್ತು ಒತ್ತಿಸುವುದು ನನ್ನ ಸ್ವಂತ ಬುದ್ಧಿ. ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ಹೊರಗೆ ಎಷ್ಟೇ ಹೊಳೆಯುತ್ತಿರಲಿ, ಕೊಳೆ ಶುರುವಾಗುವುದು ಕತ್ತಿನಿಂದ. ನನ್ನ ಗೈಡು ಮುರಳೀಕೃಷ್ಣ ಸರ್‌ಗೆ ಮಾತ್ರ ಗೊತ್ತಿರಲಿಲ್ಲ.

“ಕತ್ತು ಒತ್ತೋದು ಯಾವ ಪೇಪರಲ್ಲಿದೆ?” ಅಂದರು.

“ಯಾವ ಪೇಪರಲ್ಲೂ ಇಲ್ಲ ಸರ್. ನಮ್ಮ ಕೊಟ್ಟಿಗೆಯಲ್ಲಿದೆ.”

ಈ ಉತ್ತರಕ್ಕೆ ಇಂಟರ್ನಲ್ ಮಾರ್ಕ್ಸು ನೆಲ ಕಚ್ಚಿತು. ಇನ್ನು ಹೊರಗಿನ ಪರೀಕ್ಷಕರು ಬಂದು ವೈವಾದಲ್ಲಿ ಪಾಸು ಮಾಡಿದರೆ ಉಂಟು, ಇಲ್ಲದಿದ್ದರೆ ಒಂದು ವರ್ಷ ಹೋಯಿತು. ಒಂದು ವರ್ಷ ಅಂದರೆ ಬರೀ ವರ್ಷವಲ್ಲ. ನನ್ನ ಚಿಕ್ಕಪ್ಪನ ಮಗ ದುಷ್ಯಂತ್ ಅದೇ ಕೋರ್ಸಿನಲ್ಲಿ ಒಂದು ವರ್ಷ ಹಿಂದಿದ್ದಾನೆ. ಅವನು ಆಗಲೇ, “ಭೂಮಿ ಅಕ್ಕ, ಪಕ್ಕದಲ್ಲಿ ಜಾಗ ಹಿಡ್ದಿರ್ತೀನಿ” ಅನ್ನತೊಡಗಿದ್ದ. ಅವನ ಪಕ್ಕ ಕೂರುವುದಕ್ಕಿಂತ ಈರುಳ್ಳಿ ಮಾರುವುದು ಮೇಲು.

ವೈವಾಕ್ಕೆ ಮೊದಲು ರಜೆ ಕೊಟ್ಟಾಗ ಕೈಯನ್ನು ಊರಿಗೆ ತಂದೆ. ಬುಕ್ಕಾಂಬುಧಿ ಕೆರೆಯ ಆಚೆ ನಮ್ಮೂರು. ನಿಜವಾದ ಈರುಳ್ಳಿ ಸಿಗುವುದು ಅಲ್ಲೇ, ಲ್ಯಾಬಿನಲ್ಲಿದ್ದ ಈರುಳ್ಳಿಯನ್ನೆಲ್ಲ ಹಾಸ್ಟೆಲಿನವರು ಆಮ್ಲೆಟ್ಟಿಗೆ ಹಾಕಿ ಮುಗಿಸಿದ್ದರು. ಹಸು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಟೇಬಲ್ ಹಾಕಿ, ಕೈ ನಿಲ್ಲಿಸಿ, ಸ್ವಿಚ್ಚು ಒತ್ತಿದೆ. ನಮ್ಮೂರಿನ ಕರೆಂಟು ಗೊತ್ತಲ್ಲ, ಬಲ್ಬಿಗೇ ಸಾಲದು. ಕೈ ಈರುಳ್ಳಿಯನ್ನು ಎತ್ತಿಕೊಂಡು ಗಡಗಡ ನಡುಗತೊಡಗಿತು. ನಾನು ಕೊಂಡಿದ್ದ ಅಗ್ಗದ ಬೋರ್ಡಿಗೆ ಯೋಚನೆ ಮಾಡಲು ಬಹಳ ಹೊತ್ತು ಬೇಕು. ನಡುಗುತ್ತಾ ನಿಂತು, ನಿಂತು, ಕೊನೆಗೆ ಬಲಕ್ಕೆ ತಿರುಗಿ ಈರುಳ್ಳಿ ಬಿಟ್ಟಿತು.

ಬಾಗಿಲಲ್ಲಿ ಎಲೆ ಅಡಿಕೆ ಹಾಕುತ್ತಾ ನಿಂತಿದ್ದ ನನ್ನ ಅಜ್ಜಿ ಮಾರಮ್ಮ ಬಾಯಲ್ಲಿದ್ದುದನ್ನು ಹಾಗೇ ನುಂಗಿಬಿಟ್ಟಳು.

“ಬಲಕ್ ಕೊಟ್ಳು ಕಣೇ!”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಮದುವೆ, ಬೋರ್‌ವೆಲ್ಲು, ಯಾವುದಕ್ಕೇ ಆಗಲಿ ಮೊದಲು ಗುಡಿಗೆ ಹೋಗಿ ಅಮ್ಮನ ಹತ್ತಿರ ಹೂ ಕೇಳುತ್ತಾರೆ. ವಿಗ್ರಹದ ಎರಡೂ ಕಡೆ ಹೂ ಅಂಟಿಸಿರುತ್ತದೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹೂ ಬೀಳುವವರೆಗೆ ಕೂತವರು ಏಳುವ ಹಾಗಿಲ್ಲ. ಆದರೆ ಗುಡಿಯನ್ನು ಜೀರ್ಣೋದ್ಧಾರಕ್ಕೆಂದು ಬಿಚ್ಚಿ, ಅಮ್ಮನಿಗೆ ಬಟ್ಟೆ ಮುಚ್ಚಿಟ್ಟು ಬಹಳ ಕಾಲವಾಗಿತ್ತು. ಊರಿನ ಪ್ರಶ್ನೆಗಳೆಲ್ಲ ಹಾಗೇ ಉಳಿದುಹೋಗಿದ್ದವು.

ಮರುದಿನ ಬೆಳಗ್ಗೆ ಕೊಟ್ಟಿಗೆಯ ಮುಂದೆ ಜನ. ಎಲ್ಲರ ಕೈಯಲ್ಲೂ ಅವರವರ ಮನೆಯ ಈರುಳ್ಳಿ.

ನಾನು ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದೆ. ಇದು ಯಂತ್ರ, ಒಳ್ಳೆಯ ಈರುಳ್ಳಿ ಕೊಟ್ಟರೆ ಬಲಕ್ಕೆ ಹಾಕುತ್ತದೆ, ಕೆಟ್ಟದ್ದು ಕೊಟ್ಟರೆ ಎಡಕ್ಕೆ ಹಾಕುತ್ತದೆ, ಇದಕ್ಕೆ ನಿಮ್ಮ ಮಗಳ ಮದುವೆಯ ವಿಷಯ ಗೊತ್ತಿಲ್ಲ ಎಂದೆ. ಎಲ್ಲರೂ ಶಾಂತವಾಗಿ ಕೇಳಿಸಿಕೊಂಡರು.

“ಅಷ್ಟೂ ಗೊತ್ತು ಕಣವ್ವ,” ಅಂದಳು ಅಜ್ಜಿ. “ಆದ್ರೆ ರಾಶಿನಾಗೆ ಒಳ್ಳೇದೇ ನಮ್ ಕೈಗೆ ಸಿಗ್ಬೇಕು ಅಂತ ಮಾಡೋರ್ಯಾರು?”

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದೇನೆ, ಈ ಪ್ರಶ್ನೆ ಯಾವ ಪೇಪರಿನಲ್ಲೂ ಬಂದಿರಲಿಲ್ಲ. ನಮ್ಮಪ್ಪ ಓಬಳಪ್ಪ ಆಗಲೇ ಜನರಿಗೆ ಕೂರಲು ತಾಡಪಾಲು ಹಾಸುತ್ತಿದ್ದ.

ಒಂದು ಲಾಭವೂ ಆಯಿತು ಅನ್ನಿ. ದಿನವಿಡೀ ಬಗೆಬಗೆಯ ಈರುಳ್ಳಿ ಬಂದವು, ಕೈ ತಪ್ಪು ಮಾಡುವುದು ಕಡಿಮೆಯಾಯಿತು. ಬೇಡವಾದ ಸಂಬಂಧ ತಪ್ಪಿಸಲು ಕೊಳೆತ ಈರುಳ್ಳಿ ಹುಡುಕಿ ತಂದವರೂ ಇದ್ದರು. ಅಂಥವರನ್ನು ಅಜ್ಜಿ ಈರುಳ್ಳಿ ಮೂಸಿ ನೋಡಿಯೇ ವಾಪಸ್ಸು ಕಳಿಸುತ್ತಿದ್ದಳು. ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಬೇಕು, ತಮ್ಮ ವಿಷಯ ತಾವೇ ಕೇಳಬೇಕು, ಇವು ಅವಳ ಕಾನೂನು.

ವೈವಾ ಹತ್ತಿರ ಬಂತು. ಕೈ ಬಿಚ್ಚಲು ಸ್ಪ್ಯಾನರ್ ತೆಗೆದುಕೊಂಡು ಹೋದರೆ ಊರಿನವರು ಬಾಗಿಲಿಗೆ ಅಡ್ಡ ನಿಂತರು. ಇನ್ನೂ ಕೇಳದೆ ಉಳಿದವರಿದ್ದಾರೆ, ಎಲ್ಲರದೂ ಮುಗಿಯದೆ ಊರ ಗಡಿ ದಾಟಿಸಬಾರದು ಎಂದರು. ನಾನು ಕೂಗಾಡಿದೆ, ಅತ್ತುಬಿಟ್ಟೆ. ಕೊನೆಗೆ ಮುರಳೀಕೃಷ್ಣ ಸರ್‌ಗೆ ಫೋನು ಮಾಡಿದೆ. ಅವರು, “ಫೀಲ್ಡ್ ಟ್ರಯಲ್ ಅಂತ ಬರ್ಕೊಳ್ಳೋಣ” ಅಂದರು. ನಿಯಮದಲ್ಲಿ ಇಲ್ಲದ್ದಕ್ಕೆಲ್ಲ ಅವರು ಹಾಗೊಂದು ಹೆಸರಿಡುತ್ತಾರೆ.

ಹೀಗೆ ಹೊರಗಿನ ಪರೀಕ್ಷಕರಾದ ಓಂಕಾರೇಶ್ ಸರ್ ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಮುರಳೀಕೃಷ್ಣ ಸರ್ ಜೊತೆ ಅವರ ಕಾರಿನಲ್ಲಿ ನಮ್ಮೂರಿಗೆ ಬಂದು, ಮಧ್ಯಾಹ್ನದ ಉರಿಬಿಸಿಲಿನಲ್ಲಿ ನಮ್ಮ ಕೊಟ್ಟಿಗೆಯ ಮುಂದೆ ಇಳಿದರು. ದಪ್ಪ ಮನುಷ್ಯ, ಬೆವರಿ ತೊಪ್ಪೆಯಾಗಿದ್ದರು. ಮನಸ್ಸು ಗಟ್ಟಿಯಿರಲಿಲ್ಲ. ಕಾಫಿಯೋ ಟೀಯೋ ಎಂದರೆ ಮುರಳೀಕೃಷ್ಣ ಸರ್ ಮುಖ ನೋಡಿದರು. ಕುರ್ಚಿಯೋ ಚಾಪೆಯೋ ಎಂದಾಗಲೂ ಅಷ್ಟೇ. ಇಂಥವರ ಕೈಯಲ್ಲಿ ನನ್ನ ಒಂದು ವರ್ಷವಿತ್ತು.

ನನ್ನ ರಿಪೋರ್ಟನ್ನು ಬಿಚ್ಚದೆ ಬೀಸಣಿಗೆ ಮಾಡಿಕೊಂಡರು. ತಾಡಪಾಲಿನ ಮೇಲೆ ಈರುಳ್ಳಿ ಹಿಡಿದು ಕೂತ ಜನರನ್ನು ನೋಡಿ, ಇವರೆಲ್ಲ ಯಾರು ಎಂದರು. ಅಜ್ಜಿ ಎಲ್ಲವನ್ನೂ ಹೇಳಿಬಿಟ್ಟಳು. ಓಂಕಾರೇಶ್ ಸರ್‌ಗೆ ನಗು ತಡೆಯಲಾಗಲಿಲ್ಲ. ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಈರುಳ್ಳಿ ತೆಗೆದರು. ಬಿಸಿಲು ಹೊಡೆಯದಿರಲಿ ಎಂದು ಅವರ ಹೆಂಡತಿ ಜೇಬಿಗೆ ಹಾಕಿ ಕಳಿಸಿದ್ದಂತೆ.

“ಹಾಗಾದ್ರೆ ನನಗ್ಯಾಕೆ ಕಷ್ಟ?” ಎಂದು ಅದನ್ನು ಟೇಬಲ್ಲಿನ ಮೇಲಿಟ್ಟರು. “ಈ ಹುಡುಗೀನ ಪಾಸ್ ಮಾಡ್ಲೋ ಬೇಡ್ವೋ? ಇವಳ ಯಂತ್ರಾನೇ ಹೇಳ್ಲಿ.”

ತಮಾಷೆಗೆ ಹೇಳಿದ್ದು. ಆದರೆ ಯಾರೂ ನಗಲಿಲ್ಲ. ಹೆಂಗಸರು ಸೆರಗು ಹೊದ್ದರು, ಗಂಡಸರು ನೆಟ್ಟಗೆ ಕೂತರು. ಇಷ್ಟು ಜನರ ಮುಂದೆ ಕೇಳಿದ ಪ್ರಶ್ನೆಯನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ನಾನು ನೋಡುತ್ತಿದ್ದದ್ದು ಈರುಳ್ಳಿಯನ್ನು. ಹೊರಗೆ ಕೆಂಪಗೆ ಲಕಲಕ ಅನ್ನುತ್ತಿತ್ತು. ಎಷ್ಟು ದಿನದಿಂದ ಅವರ ಜೇಬಿನ ಬೆವರಿನಲ್ಲಿ ಕುದಿಯುತ್ತಿತ್ತೋ, ವಾಸನೆಯಲ್ಲೇ ಗೊತ್ತಾಯಿತು, ಕತ್ತಿನ ಒಳಗೆ ಕೊಳೆತಿದೆ.

ನನ್ನ ಗತಿ ನೋಡಿ. ಕೈ ಸರಿಯಾಗಿ ಕೆಲಸ ಮಾಡಿದರೆ ಎಡಕ್ಕೆ ಹಾಕುತ್ತದೆ, ನಾನು ಫೇಲು. ತಪ್ಪು ಮಾಡಿದರೆ ಬಲಕ್ಕೆ ಹಾಕುತ್ತದೆ, ನಾನು ಪಾಸು. ಪಾಸಾಗಬೇಕಾದರೆ ನನ್ನ ಪ್ರಾಜೆಕ್ಟು ಕೆಡಬೇಕು. ಲ್ಯಾಪ್‌ಟಾಪಿನಲ್ಲಿ ಒಂದು ಕೀಲಿಯಿದೆ, ಒತ್ತಿದರೆ ಕೈ ತಾನಾಗಿ ಬಲಕ್ಕೆ ತಿರುಗುತ್ತದೆ. ನನ್ನ ಬೆರಳು ಅದರ ಮೇಲೇ ಇತ್ತು.

ಕೈ ಈರುಳ್ಳಿ ಎತ್ತಿತು. ಕ್ಯಾಮೆರಾಕ್ಕೆ ತೋರಿಸಿತು. ಕತ್ತು ಒತ್ತಿತು. ನಡುಗತೊಡಗಿತು. ದುಷ್ಯಂತನ ಮುಖ ಕಣ್ಣ ಮುಂದೆ ಬಂತು. ನಾನು ಬೆರಳು ತೆಗೆದುಬಿಟ್ಟೆ.

ಎಡಕ್ಕೆ ಬಿತ್ತು.

ಸರಿಯಾಯಿತು ಎಂದು ಕುಣಿಯಬೇಕೆನಿಸಿತು, ಮರುಕ್ಷಣ ಫೇಲಾದೆ ಎಂಬುದು ನೆನಪಾಯಿತು. ಮುರಳೀಕೃಷ್ಣ ಸರ್ ಓಡಿಹೋಗಿ ಈರುಳ್ಳಿಯನ್ನು ಹೆಚ್ಚಿ ನೋಡಿದರು. ಒಳಗೆಲ್ಲ ಕರಗಿ ನೀರಾಗಿತ್ತು. “ಸರ್, ಯಂತ್ರ ಕರೆಕ್ಟಾಗಿದೆ!” ಎಂದು ಕೂಗಿದರು.

“ಕರೆಕ್ಟಾಗಿದ್ರೆ ಫೇಲ್ ಮಾಡ್ಬೇಕಲ್ಲ,” ಅಂದರು ಓಂಕಾರೇಶ್ ಸರ್. ಮುಖ ಸಪ್ಪಗಾಗಿತ್ತು. “ಪಾಸ್ ಮಾಡಿದ್ರೆ ಅದು ಹೇಳಿದ್ದು ಸುಳ್ಳು ಅಂತಾಯ್ತು. ಸುಳ್ಳು ಹೇಳೋ ಯಂತ್ರಾನ ಹೇಗ್ರೀ ಪಾಸ್ ಮಾಡೋದು?”

ಇಬ್ಬರೂ ಪ್ರೊಫೆಸರುಗಳು ಇದರ ಸುತ್ತ ಗಾಣದ ಎತ್ತಿನಂತೆ ಸುತ್ತಿದರು. ಕೊನೆಗೆ ಅಜ್ಜಿ ಬಾಯಿ ಹಾಕಿದಳು.

“ನೀವ್ ಕೇಳಿದ್ದೇ ಸರಿಯಿಲ್ಲ ಸ್ವಾಮಿ. ಅವಳ್ ವಿಷ್ಯ ಅವಳೇ ಕೇಳ್ಬೇಕು. ಬಾರೇ ಭೂಮಿ, ಕಣ್ ಮುಚ್ಕೊಂಡು ಎತ್ಕೋ.”

ಎಲ್ಲರನ್ನೂ ಬೈಯಬೇಕೆನಿಸಿತು. ಆದರೂ ಕಣ್ಣು ಮುಚ್ಚಿ ರಾಶಿಗೆ ಕೈ ಹಾಕಿದೆ, ಸಿಕ್ಕಿದ್ದನ್ನು ಟೇಬಲ್ಲಿನ ಮೇಲಿಟ್ಟೆ. ಕೈ ಅದನ್ನು ಎತ್ತಿತು, ಕತ್ತು ಒತ್ತಿತು, ನಡುಗಿತು.

ಕರೆಂಟು ಹೋಯಿತು.

ಕೈ ಈರುಳ್ಳಿಯನ್ನು ಬಿಗಿಯಾಗಿ ಹಿಡಿದು ನಡುಮಧ್ಯೆ ನಿಂತುಬಿಟ್ಟಿತು. ಓಂಕಾರೇಶ್ ಸರ್ ಹೊರಡಲು ಎದ್ದರು. ಇಡೀ ಊರು ಒಂದೇ ದನಿಯಲ್ಲಿ, “ಕೂತ್ಕಳಿ ಸ್ವಾಮಿ!” ಅಂದಿತು. ಕೂತರು. ರೈಲು ತಪ್ಪುತ್ತದೆ ಎಂದರು. ಊಟಕ್ಕೆ ಎಲೆ ಹಾಕುತ್ತೇವೆ ಎಂದ ನಮ್ಮಪ್ಪ.

ಬೇರೆ ಕೆಲಸವಿಲ್ಲದೆ ಅವರು ಬೀಸಣಿಗೆಯಾಗಿದ್ದ ರಿಪೋರ್ಟನ್ನು ಬಿಚ್ಚಿದರು. ಓದುತ್ತಾ ಹೋದರು. ನಡುವೆ ಒಂದೆಡೆ ನಿಂತರು.

“ಕತ್ತೇ ಯಾಕಮ್ಮಾ? ಹೊಟ್ಟೆ ಯಾಕಲ್ಲ?”

ಹೇಳಿದೆ. ಕಿತ್ತ ಮೇಲೆ ಸೊಪ್ಪು ಒಣಗುವ ಜಾಗ ಅದು, ಸರಿಯಾಗಿ ಒಣಗದಿದ್ದರೆ ಅಲ್ಲಿಂದಲೇ ಕೊಳೆ ಇಳಿಯುತ್ತದೆ ಎಂದೆ. ಎಷ್ಟು ಬಲದಲ್ಲಿ ಒತ್ತಬೇಕು, ಬೆರಳಿನ ಸೆನ್ಸರ್ ಏನು ಓದುತ್ತದೆ, ಎಲ್ಲ ಹೇಳಿದೆ. ರಾಶಿಯಿಂದ ಎರಡು ಈರುಳ್ಳಿ ಕೊಟ್ಟು ಹೆಬ್ಬೆರಳಿನಿಂದ ಒತ್ತಿಸಿದೆ. ಅವರು ಒತ್ತಿ ನೋಡಿ, ಮೆತ್ತಗಿರುವುದನ್ನು ತಾವೇ ಎಡಕ್ಕೆ ಹಾಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು.

“ಆಗ ನಿನ್ನ ಬೆರಳು ಕೀ ಮೇಲಿತ್ತು. ನಾನು ನೋಡ್ದೆ. ಯಾಕೆ ಒತ್ತಲಿಲ್ಲ?”

“ಕೊಳೆತಿದ್ದನ್ನ ಬಲಕ್ಕೆ ಹಾಕಿದ್ರೆ ಇಡೀ ಬುಟ್ಟಿ ಹಾಳಾಗುತ್ತೆ ಸರ್.”

ಅವರು ರಿಪೋರ್ಟು ಮುಚ್ಚಿದರು. ಪಾಸೋ ಎಂದು ಮುರಳೀಕೃಷ್ಣ ಸರ್ ಕೇಳಿದರೆ, ಮೇಲೆ ತೂಗುತ್ತಿದ್ದ ಈರುಳ್ಳಿಯನ್ನು ತೋರಿಸಿದರು. ಅದು ಬೀಳಲಿ ಎಂದರು.

ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಅದು ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಕರೆಂಟು ಬಂದ ಕೂಡಲೇ ಎಲ್ಲವನ್ನೂ ಮರೆತು ಮೊದಲು ಬೆರಳು ಬಿಚ್ಚು ಎಂದು ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಹೇಳಿದರೆ ಯಾರು ಕೇಳುತ್ತಾರೆ?

ಕರೆಂಟು ಬಂತು. ಬೆರಳು ಬಿಚ್ಚಿತು. ಈರುಳ್ಳಿ ಎರಡು ಬುಟ್ಟಿಗಳ ನಡುವೆ ಟಪ್ಪೆಂದು ಬಿದ್ದು, ಟೇಬಲ್ಲಿನಿಂದ ನೆಲಕ್ಕೆ ಹಾರಿತು. ಕೊಟ್ಟಿಗೆಯ ನೆಲ ಗಂಜಲ ಹರಿದುಹೋಗಲೆಂದು ಇಳಿಜಾರು. ಈರುಳ್ಳಿ ನಿಧಾನವಾಗಿ ಉರುಳುತ್ತಾ, ಇಡೀ ಊರು ಕತ್ತು ಹೊರಳಿಸಿ ನೋಡುತ್ತಿರಲು, ಓಂಕಾರೇಶ್ ಸರ್ ಕಾಲಿಗೆ ಬಂದು ತಗುಲಿ ನಿಂತಿತು.

“ಅಮ್ಮ ನಿಮ್ಮೇಲೇ ಹಾಕ್ಬುಟ್ಳು ಸ್ವಾಮಿ,” ಅಂದಳು ಅಜ್ಜಿ. “ಇನ್ನ ನೀವೇ ಹೇಳ್ಬೇಕು.”

ಓಂಕಾರೇಶ್ ಸರ್ ಮುರಳೀಕೃಷ್ಣ ಸರ್ ಮುಖ ನೋಡಿದರು. ಅವರು ಚಾವಣಿ ನೋಡುತ್ತಿದ್ದರು. ಇವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಕಷ್ಟಪಟ್ಟು ಬಗ್ಗಿ ಈರುಳ್ಳಿಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿದರು. ಹೆಬ್ಬೆರಳಿನಿಂದ ಅದರ ಕತ್ತನ್ನು ಒತ್ತಿದರು. ಅವರ ಕೈಯೂ ಸ್ವಲ್ಪ ನಡುಗುತ್ತಿತ್ತು.

“ಗಟ್ಟಿಯಿದೆ,” ಅಂದರು. “ಪಾಸು.”

ಸಹಿ ಹಾಕಿ, ಆ ಈರುಳ್ಳಿಯನ್ನು ಬಲಗಡೆಯ ಜೇಬಿಗೆ ಹಾಕಿಕೊಂಡು ಬಿಸಿಲಿಗೆ ಇಳಿದರು.